ಮೇದೋಜೀರಕವಿಲ್ಲದ ಅಡುಗೆಯಕ್ಕ

ಅವರ್ಸಾದ ಶಾಲೆಗೆ ನನಗೆ ವರ್ಗವಾದಾಗ ಅಲ್ಲಿ ಬಿಸಿಯೂಟ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಕಾರವಾರದಿಂದ ಬೆಳಗಿನ ಬಸ್ಸಿಗೆ ಹೊರಟು, ಹೆದ್ದಾರಿಯಲ್ಲಿ ಇಳಿದು, ಗದ್ದೆಯ ಬದಿಯಲ್ಲಿ ನಡೆದು ಶಾಲೆ ಮುಟ್ಟುವ ಹೊತ್ತಿಗೆ ಅಡುಗೆಕೋಣೆಯಲ್ಲಿ ತೊಂಡೆಕಾಯಿಯೋ ಸೌತೆಯೋ ಹೆಚ್ಚುವ ಸದ್ದು ಕೇಳುತ್ತಿತ್ತು. ಅಡುಗೆಗೆ ನೇಮಕವಾದವಳು ಊರಿನವಳೇ, ಮೂವತ್ತಾರರ ಆಸುಪಾಸಿನ ಹೆಂಗಸು. ಗಂಡ ಗೋವಾದಲ್ಲಿ ಗಾರೆ ಕೆಲಸಕ್ಕೆ ಹೋಗಿ ಶನಿವಾರ ಮನೆಗೆ ಬರುತ್ತಿದ್ದ. ಮಕ್ಕಳಿರಲಿಲ್ಲ. ಮನೆಯಲ್ಲಿ ಇವಳು ಮತ್ತು ಅತ್ತೆ. ಶಾಲೆಯ ಮಕ್ಕಳು ಅವಳನ್ನು ಅಡುಗೆಯಕ್ಕ ಎನ್ನುತ್ತಿದ್ದರು. ನನಗಿಂತ ಚಿಕ್ಕವಳಾದರೂ ನಾನೂ ಹಾಗೆಯೇ ಕರೆದೆ. ಅವಳಿಗೆ ನಾನು ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರುಗಳೇ.

ಉಪ್ಪನ್ನು ಅಂಗೈಯಲ್ಲಿ ಹಿಡಿದು ಹಾಕುತ್ತಿದ್ದಳು, ರುಚಿ ನೋಡುತ್ತಿರಲಿಲ್ಲ. ಒಂದು ದಿನವೂ ತಪ್ಪಿದ್ದು ನನಗೆ ನೆನಪಿಲ್ಲ. ಆದರೆ ಮಕ್ಕಳೆಲ್ಲ ಉಂಡು ಕೈತೊಳೆದ ಮೇಲೆ ಅವಳು ತನಗೆ ಹಾಕಿಕೊಳ್ಳುತ್ತಿದ್ದದ್ದು ಒಂದು ಲೋಟ ಗಂಜಿತಿಳಿ ಮಾತ್ರ. ಕೆಲವು ದಿನ ಅದೂ ಇಲ್ಲ. ಅಡುಗೆಕೋಣೆಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಮೊಣಕಾಲನ್ನು ಹೊಟ್ಟೆಗೆ ಒತ್ತಿ ಹಿಡಿದು, ಮುಂದಕ್ಕೆ ಬಾಗಿ, ಹಾಗೆಯೇ ಅರ್ಧ ಗಂಟೆ ಇರುತ್ತಿದ್ದಳು. ಕೇಳಿದರೆ ಒಂದೇ ಉತ್ತರ:

“ಗ್ಯಾಸು, ಅಕ್ಕೋರೆ. ಸಣ್ಣ ಇರೂವಾಗಿಂದ ಅದೆ.”

ಜೀರಿಗೆ ಕಷಾಯ ಕುಡಿ ಎಂದವಳು ನಾನು. ಕಾರವಾರದ ಅಂಗಡಿಯಿಂದ ಗ್ಯಾಸಿನ ಗುಳಿಗೆ ತಂದುಕೊಟ್ಟವಳೂ ನಾನೇ, ಒಂದು ವರ್ಷ, ಎರಡು ವರ್ಷ. ಆಮೇಲೆ ಆ ಗುಳಿಗೆಗಳನ್ನು ನೆನೆಸಿಕೊಂಡಾಗಲೆಲ್ಲ ನನಗೆ ನಾಚಿಕೆಯಾಗಿದೆ. ಓದಿದವಳು ಎಂದು ಅವಳು ನನ್ನ ಮಾತು ನಂಬಿದ್ದಳು. ನನಗೆ ಗೊತ್ತಿದ್ದದ್ದು ಅವಳಿಗೆ ಗೊತ್ತಿದ್ದಷ್ಟೇ.

ಒಂದು ಮಳೆಗಾಲದ ಮಧ್ಯಾಹ್ನ ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟು, ಒಳಗೆ ಹೋಗಿ, ಒದ್ದೆ ನೆಲದ ಮೇಲೆ ಬೋರಲು ಮಲಗಿಬಿಟ್ಟಳು. ಮೈಯೆಲ್ಲ ಬೆವರು. ಮಾತಾಡಿಸಿದರೆ ಹಲ್ಲು ಕಚ್ಚಿ ತಲೆ ಅಲ್ಲಾಡಿಸಿದಳು. ಮುಖ್ಯ ಮಾಸ್ತರರು ರಿಕ್ಷಾ ಕರೆಸಿದರು. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾರವಾರದ ಆಸ್ಪತ್ರೆಗೆ ಹೋದೆ.

ಡಾಕ್ಟರು ಕ್ಷಕಿರಣದ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನುಮೂಳೆಯ ಮೇಲೆ ಅಡ್ಡಕ್ಕೆ ಯಾರೋ ಒಂದು ಮುಷ್ಟಿ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಬಿಳಿ ಕಾಳು.

“ಕಲ್ಲು,” ಎಂದರು. “ಮೂತ್ರದ್ದಲ್ಲ. ಮೇದೋಜೀರಕ ಗ್ರಂಥಿ ಅಂತ ಇದೆ. ಜಠರದ ಹಿಂದೆ ಬೆನ್ನಿಗೆ ಅಂಟಿಕೊಂಡಿರುತ್ತದೆ. ತಿಂದದ್ದು ಕರಗಲಿಕ್ಕೆ ರಸ ಕೊಡುವುದು ಅದೇ, ರಕ್ತದ ಸಕ್ಕರೆ ಹಿಡಿತದಲ್ಲಿಡುವ ಇನ್ಸುಲಿನ್ ಕೊಡುವುದೂ ಅದೇ. ನಿಮಗೆ ಅದರ ನಾಳದ ತುಂಬ ಕಲ್ಲು ಕೂತಿದೆ.” ಆಮೇಲೆ ಕೇಳಿದರು, “ಕುಡಿಯುವ ಅಭ್ಯಾಸ ಏನಾದರೂ?”

ಅಷ್ಟು ನೋವಿನಲ್ಲೂ ಅವಳಿಗೆ ನಗು ಬಂತು. “ಚಾ ಕುಡೀತೆ, ಡಾಕ್ಟ್ರೆ.”

ದಾರೂ ಮುಟ್ಟದವರಿಗೂ ನಮ್ಮ ಈ ಸೀಮೆಗಳಲ್ಲಿ ಚಿಕ್ಕಂದಿನಿಂದಲೇ ಇದು ಬರುವುದುಂಟು, ಕಾರಣ ಇಂಥದ್ದೇ ಎಂದು ಯಾರಿಗೂ ಸರಿಯಾಗಿ ತಿಳಿದಿಲ್ಲ ಎಂದು ಅವರೇ ಹೇಳಿದರು. ಆದರೆ ಊರಲ್ಲಿ ಸುದ್ದಿ ಬೇರೆಯೇ ಹಬ್ಬಿತು. ಕುಡುಕರಿಗೆ ಬರುವ ರೋಗವಂತೆ ಎಂದು ಬಾವಿಕಟ್ಟೆಯಲ್ಲಿ ಮಾತು. ಅದನ್ನು ಅವಳು ಸಹಿಸಿಕೊಂಡಳು. ಸಹಿಸದವಳು ಅತ್ತೆ. ಸೊಸೆಗಾಗಿ ಅವಳು ಇಡೀ ಕೇರಿಯ ಜೊತೆ ಜಗಳವಾಡಿದಳು.

ಮಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ನಾಳವನ್ನು ಸೀಳಿ ಕಲ್ಲು ತೆಗೆದರು. ಒಂದೂವರೆ ವರ್ಷ ನೋವು ತಗ್ಗಿತ್ತು, ಆದರೂ ಹೆದರಿ ಅರೆಹೊಟ್ಟೆಯೇ ಉಣ್ಣುತ್ತಿದ್ದಳು. ಆಮೇಲೆ ನೋವು ಮರಳಿ ಬಂತು, ಜೊತೆಗೆ ಸಕ್ಕರೆ ಕಾಯಿಲೆಯೂ ಬಂತು. ಮತ್ತೊಮ್ಮೆ ಸ್ಕ್ಯಾನ್ ಮಾಡಿದಾಗ ಗ್ರಂಥಿ ಪೂರ್ತಿ ಒಣಗಿ ಸುಕ್ಕಾಗಿತ್ತು. ಅದರ ತಲೆಯ ಭಾಗದಲ್ಲಿ ಒಂದು ಗಂಟು ಕಂಡಿತು. ಆ ಗಂಟನ್ನು ಕಂಡು ಸರ್ಜನ್ನರ ಮುಖ ಗಂಭೀರವಾಯಿತು. ಅವರು ಹೇಳಿದ್ದನ್ನು ಅರ್ಥ ಮಾಡಿಕೊಳ್ಳಲಿಕ್ಕೆ ಜೊತೆಗೆ ಬನ್ನಿ ಎಂದು ಗಂಡ ಹೆಂಡತಿ ಇಬ್ಬರೂ ನನ್ನನ್ನು ಕೇಳಿಕೊಂಡರು. ದಸರೆ ರಜೆ ಶುರುವಾಗಿತ್ತು. ಮೂವರೂ ಅಂಕೋಲೆಯಿಂದ ರೈಲು ಹತ್ತಿದೆವು.

ಸರ್ಜನ್ನರು ಐವತ್ತು ದಾಟಿದವರು, ಮೆದುಮಾತಿನವರು. ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಚಿತ್ರ ಬರೆದು ಹೇಳಿದರು. ಗಂಟು ಕ್ಯಾನ್ಸರ್ ಆಗಿರಲೂಬಹುದು, ತೆಗೆದ ಮೇಲೆಯೇ ತಿಳಿಯುವುದು. ಈ ಸಲ ಸೀಳುವುದಲ್ಲ, ಗ್ರಂಥಿಯನ್ನು ಇಡಿಯಾಗಿ ತೆಗೆಯಬೇಕು. ಅದು ಸುತ್ತಲಿನವುಗಳ ಜೊತೆ ಬೆಸೆದುಕೊಂಡಿರುವುದರಿಂದ ಸಣ್ಣ ಕರುಳಿನ ಮೊದಲ ತುಂಡು, ಪಿತ್ತಕೋಶ, ಗುಲ್ಮ ಇವೂ ಹೋಗುತ್ತವೆ. ಆಮೇಲೆ ಜಠರವನ್ನೂ ಪಿತ್ತದ ನಾಳವನ್ನೂ ಉಳಿದ ಕರುಳಿಗೆ ತಂದು ಹೊಲಿಯಬೇಕು. ಬೆಳಿಗ್ಗೆ ಒಳಗೆ ಹೋದರೆ ಹೊರಗೆ ಬರುವುದು ಸಂಜೆಗೆ. ಎರಡು ಮೂರು ದಿನ ಐಸಿಯು. ಎಲ್ಲ ಸರಿಹೋದರೂ ಎರಡು ವಾರ ಆಸ್ಪತ್ರೆಯಲ್ಲೇ. ರಕ್ತ ಹೋಗಬಹುದು, ಕೀವಾಗಬಹುದು, ಹೊಲಿಗೆ ಸೋರಬಹುದು, ಜೀವಕ್ಕೇ ಅಪಾಯವೂ ಇದೆ. ಯಾವುದನ್ನೂ ಅವರು ಬಚ್ಚಿಡಲಿಲ್ಲ.

ಗಂಡ ತಲೆ ತಗ್ಗಿಸಿ ಕೂತಿದ್ದ. ಇವಳು ಚಿತ್ರವನ್ನೇ ನೋಡುತ್ತಿದ್ದಳು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಆ ಚಿತ್ರದ ಮೇಲೆ ಬೆರಳಿಟ್ಟು ಕೇಳಿದಳು:

“ಇದನ್ನ ತೆಗೆದ್ರೆ ಇದು ಮಾಡೂ ಕೆಲಸ ಯಾರು ಮಾಡೂದು?”

ಸರ್ಜನ್ನರು ಪೆನ್ನು ಕೆಳಗಿಟ್ಟರು. “ಬಹಳ ಜನ ನೋವು ಹೋಗ್ತದಾ ಅಂತ ಕೇಳ್ತಾರೆ. ಇದನ್ನು ಕೇಳುವವರು ಕಡಿಮೆ. ಅದರ ಕೆಲಸ ಇನ್ನು ಮೇಲೆ ನೀವೇ ಮಾಡಬೇಕು, ಅಮ್ಮ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಏನು ತಿಂದರೂ ಜೊತೆಗೆ ಜೀರ್ಣದ ಮಾತ್ರೆ ನುಂಗಬೇಕು. ಇವತ್ತು ನಾಳೆ ಅಲ್ಲ, ಇರುವವರೆಗೆ. ನಿಮ್ಮ ಸಕ್ಕರೆ ಬೇರೆಯವರ ಸಕ್ಕರೆಯ ಹಾಗೆ ಇರುವುದಿಲ್ಲ. ಏರಿದ್ದು ಸರ್ರನೆ ಇಳಿಯುತ್ತದೆ. ಇಳಿದಾಗ ಎತ್ತಿ ಹಿಡಿಯುವುದೂ ಇದೇ ಗ್ರಂಥಿ, ಅದೂ ಇರುವುದಿಲ್ಲ.”

“ಅನ್ನ ಉಣ್ಣೂಕೆ ಆಗ್ತದಾ?”

“ಅಳತೆಯಲ್ಲಿ ಉಣ್ಣಬಹುದು.”

“ಅಳತೆ ನಂಗೆ ಬತ್ತದೆ,” ಎಂದಳು.

ಆಪರೇಶನ್ನಿನ ದಿನ ಅವಳ ಗಂಡನೂ ನಾನೂ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆವು. ಅವಳ ಬಳೆಗಳನ್ನು ಅವನು ಕರವಸ್ತ್ರದಲ್ಲಿ ಗಂಟುಕಟ್ಟಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ. ಹಗಲೆಲ್ಲ ಅವನು ಆಡಿದ್ದು ಒಂದೇ ಮಾತು: “ಮದ್ವೆ ಆಗಿ ಹದಿನಾರು ವರ್ಷ ಆಯ್ತು, ಅಕ್ಕೋರೆ. ಒಂದಿನ ಹೊಟ್ಟೆ ತುಂಬ ಉಂಡದ್ದು ನಾ ನೋಡ್ಲಿಲ್ಲ.”

ಸಂಜೆ ಐದರ ಹೊತ್ತಿಗೆ ಸರ್ಜನ್ನರು ಹೊರಗೆ ಬಂದು ಸ್ಟೀಲಿನ ತಟ್ಟೆಯೊಂದನ್ನು ತೋರಿಸಿದರು. ಅವರ ಕಣ್ಣು ಕೆಂಪಾಗಿತ್ತು, ಟೋಪಿಯ ಅಂಚು ಹಣೆಯ ಮೇಲೆ ಗೆರೆ ಬಿಟ್ಟಿತ್ತು. ತಟ್ಟೆಯಲ್ಲಿದ್ದದ್ದು ಅಂಗೈಯುದ್ದದ, ಬೂದು ಬಣ್ಣದ, ಒಣಗಿದ ಗೆಣಸಿನಂಥ ವಸ್ತು. ಚಿಮಟದ ತುದಿಯಿಂದ ತಟ್ಟಿದರು, ಟಕ್ ಟಕ್ ಎಂದಿತು. ಒಳಗಿನ ಕಲ್ಲು. ಹದಿನಾರು ವರ್ಷ ಎಂದವನು ಅದನ್ನು ನೋಡುತ್ತ ನಿಂತ, ಆಮೇಲೆ ಸರ್ಜನ್ನರ ಕಾಲಿಗೆ ಬಗ್ಗಿದ. ಅವರು ಅವನ ತೋಳು ಹಿಡಿದು ಎತ್ತಿ, “ನಮ್ಮ ಕೆಲಸ ಮುಗಿಯಿತು, ಅವರದ್ದು ಈಗ ಶುರು,” ಎಂದು ಹೇಳಿ ಮತ್ತೆ ಒಳಗೆ ಹೋದರು.

ಐಸಿಯುನಲ್ಲಿ ಅವಳನ್ನು ನೋಡಿ ನಾನು ಬಾಗಿಲಲ್ಲೇ ನಿಂತೆ. ಮೂಗಿನಲ್ಲಿ ನಳಿಗೆ, ಕುತ್ತಿಗೆಯಲ್ಲಿ ಸೂಜಿ, ಹೊಟ್ಟೆಯ ಎರಡೂ ಬದಿಗೆ ರಸ ಇಳಿಯುವ ಕೊಳವೆ, ಮೂತ್ರಕ್ಕೆ ಬೇರೆ. ಗಂಟೆಗೊಮ್ಮೆ ನರ್ಸು ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದಳು. ಮರುದಿನವೇ ಅವಳನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು, ಮೂರನೆಯ ದಿನ ನಾಲ್ಕು ಹೆಜ್ಜೆ ನಡೆಸಿದರು. ಕೆಮ್ಮಬೇಕು, ಉಸಿರು ಎಳೆದು ಬಿಡಬೇಕು, ಇಲ್ಲವಾದರೆ ಕಫ ಕಟ್ಟುತ್ತದೆ ಎಂದು ನರ್ಸು ಹೇಳಿದಾಗ ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು ಕಣ್ಣೀರು ಸುರಿಸುತ್ತ ಕೆಮ್ಮಿದಳು.

ಎಲ್ಲ ದಿನವೂ ಧೈರ್ಯದ್ದೇ ಆಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಆರನೆಯ ದಿನ ನೀರು ಕುಡಿದರೂ ವಾಂತಿ. ಜಠರ ಇನ್ನೂ ಎಚ್ಚರಾಗಿಲ್ಲ, ಇದು ಸಾಮಾನ್ಯ, ಕಾಯಬೇಕು ಎಂದರು. ತೆಗೆದ ನಳಿಗೆಯನ್ನು ಮತ್ತೆ ಮೂಗಿಗೆ ಹಾಕಿದರು. ಅವತ್ತು ಹಗಲೆಲ್ಲ ಗೋಡೆಯ ಕಡೆ ತಿರುಗಿ ಮಲಗಿದಳು. ಸಂಜೆ ನನ್ನ ಕೈ ಹಿಡಿದು, “ಕಲ್ಲೇ ಸಾಕಾಗಿತ್ತು, ಅಕ್ಕೋರೆ. ಎಂತಕ್ಕೆ ಒಪ್ದೆ?” ಎಂದಳು. ನಾನು ಅವಳ ಹಣೆ ಒರೆಸಿದೆ. ನಾಲ್ಕು ದಿನ ಕಳೆದ ಮೇಲೆ ಒಂದು ಲೋಟ ಗಂಜಿತಿಳಿ ಹೊಟ್ಟೆಯಲ್ಲಿ ನಿಂತಿತು. ಅದರ ಮರುದಿನವೇ ಗಂಟಿನ ಪರೀಕ್ಷೆಯ ವರದಿ ಬಂತು. ಕ್ಯಾನ್ಸರ್ ಅಲ್ಲ. ಗಂಡ ವರಾಂಡದ ತುದಿಯವರೆಗೆ ಹೋಗಿ ಒಬ್ಬನೇ ಅತ್ತು ಬಂದ.

ಆಮೇಲೆ ಪಾಠ ಶುರುವಾಯಿತು. ನಾನು ಇಪ್ಪತ್ತು ವರ್ಷ ಪಾಠ ಹೇಳಿದವಳು, ಅಂಥ ವಿದ್ಯಾರ್ಥಿನಿಯನ್ನು ನೋಡಿಲ್ಲ. ನರ್ಸು ಮೋಸಂಬಿ ಹಣ್ಣಿಗೆ ನೀರು ಚುಚ್ಚಿ ತೋರಿಸಿದಳು, ಇವಳು ಎರಡನೆಯ ಸಲಕ್ಕೆ ತನ್ನ ತೊಡೆಗೇ ಚುಚ್ಚಿಕೊಂಡಳು. ಇನ್ಸುಲಿನ್ ಎರಡು ಬಗೆಯದು, ಒಂದು ಊಟದ ಮುಂಚಿನ ಬೇಗದ್ದು, ಇನ್ನೊಂದು ಮಲಗುವ ಮುಂಚಿನ ನಿಧಾನದ್ದು. ಬಾಟಲಿಗಳ ಮೇಲೆ ಇದ್ದದ್ದೆಲ್ಲ ಇಂಗ್ಲಿಷು. ನಾನು ಕನ್ನಡದಲ್ಲಿ ಬರೆದು ಅಂಟಿಸುತ್ತೇನೆ ಎಂದೆ. “ಚೀಟಿ ನೀರಿಗೆ ಬಿದ್ರೆ?” ಎಂದವಳು ಸೆರಗಿನಿಂದ ಕೆಂಪು ದಾರ ಎಳೆದು ಬೇಗದ ಬಾಟಲಿಯ ಕುತ್ತಿಗೆಗೆ ಕಟ್ಟಿದಳು.

ಆಹಾರದ ಬಗ್ಗೆ ಹೇಳಲು ಬಂದ ಹುಡುಗಿಯ ಹತ್ತಿರ ತಕ್ಕಡಿ, ಪ್ಲಾಸ್ಟಿಕ್ ಬಟ್ಟಲು ಎಲ್ಲ ಇದ್ದವು. ಒಂದು ಹೊತ್ತಿಗೆ ಇಷ್ಟು ಗ್ರಾಂ ಅನ್ನ ಎಂದು ತೂಗಿ ತೋರಿಸಿದಳು. ಇವಳು ಅದನ್ನು ಕೈಗೆ ಹಾಕಿಸಿಕೊಂಡು, ಒಂದು ಸಲ ತೂಗಿ ನೋಡಿದಂತೆ ಅಂಗೈ ಆಡಿಸಿ, ವಾಪಸು ಹಾಕಿದಳು. ಆಮೇಲೆ ಪಾತ್ರೆಯಿಂದ ತಾನೇ ಒಂದು ಹಿಡಿ ತೆಗೆದು ತಕ್ಕಡಿಗೆ ಹಾಕಿದಳು. ಮುಳ್ಳು ಅಲ್ಲೇ ಬಂದು ನಿಂತಿತು. ಹುಡುಗಿ ಇನ್ನೊಮ್ಮೆ ಮಾಡಿ ಎಂದಳು. ಮತ್ತೆ ಅಲ್ಲೇ. ಅವಳು ಪಕ್ಕದ ವಾರ್ಡಿನ ಗೆಳತಿಯನ್ನು ಕರೆದುಕೊಂಡು ಬಂದು ಮೂರನೆಯ ಸಲ ಮಾಡಿಸಿದಳು.

ಜೀರ್ಣದ ಮಾತ್ರೆ ಎಲ್ಲಿಂದ ಬರುತ್ತದೆ ಎಂದು ಇವಳು ಕೇಳಿದಾಗ ಸರ್ಜನ್ನರು ಮರೆಮಾಚದೆ ಹೇಳಿದರು: ಹಂದಿಯ ಅದೇ ಗ್ರಂಥಿಯಿಂದ. ಗಂಡನ ಮುಖ ಸಣ್ಣದಾಯಿತು. ಮನೆಯಲ್ಲಿ ಅತ್ತೆ ಏನೆನ್ನುತ್ತಾಳೋ ಎಂಬುದು ಇಬ್ಬರಿಗೂ ಚಿಂತೆ. ಊರು ಮುಟ್ಟಿದ ದಿನ ಇವಳೇ ಹೇಳಿಬಿಟ್ಟಳು. ಅತ್ತೆ ಒಂದು ಮಾತ್ರೆಯನ್ನು ಬಿಚ್ಚಿಸಿ, ಒಳಗಿನ ಸಣ್ಣ ಗುಂಡುಗಳನ್ನು ಅಂಗೈಗೆ ಹಾಕಿಕೊಂಡು, ಮೂಸಿ ನೋಡಿ, “ಜೀವ ಉಳ್ಸೂಕೆ ಬಂದದ್ದು ಯಾವ ಪ್ರಾಣಿ ಆದ್ರೆ ಎಂತ? ನುಂಗು ಮಗಾ,” ಎಂದಳು. ಆ ವಿಷಯ ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಫ್ರಿಜ್ ಇರಲಿಲ್ಲ. ಇನ್ಸುಲಿನ್ ಬಾಟಲಿಗಳನ್ನು ಒಂದು ಸಣ್ಣ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಮಣ್ಣಿನ ಮಡಕೆಯೊಳಗಿಟ್ಟು, ಮಡಕೆಯನ್ನು ಒದ್ದೆ ಮರಳಿನಲ್ಲಿ ಹೂತು ನೆರಳಲ್ಲಿ ಇಟ್ಟಿದ್ದಳು. ಮರಳು ಒಣಗದ ಹಾಗೆ ನೋಡುವುದು ಅತ್ತೆಯ ಕೆಲಸ. ಮಾತ್ರೆಯ ಲೆಕ್ಕವನ್ನು ಅವಳು ಕಲಿತದ್ದು ಹೊಟ್ಟೆಯಿಂದಲೇ. ಮೊದಲ ತುತ್ತಿನ ಜೊತೆ ಒಂದು, ನಡುವೆ ಒಂದು. ಕಾಯಿ ಹೆಚ್ಚು ಹಾಕಿದ ಮೀನುಸಾರಾದರೆ ಇನ್ನೊಂದು. ಕಡಿಮೆಯಾದರೆ ಮಲ ಎಣ್ಣೆಯಂತಾಗಿ ನೀರಿನ ಮೇಲೆ ತೇಲುತ್ತದೆ, ನಾರುತ್ತದೆ. ಇದನ್ನು ಅವಳು ನನ್ನ ಹತ್ತಿರವೂ ಡಾಕ್ಟರ ಹತ್ತಿರವೂ ಸಂಕೋಚವಿಲ್ಲದೆ, ಸಾರು ಒಡೆದದ್ದನ್ನು ಹೇಳಿದ ಹಾಗೆ ಹೇಳುತ್ತಿದ್ದಳು.

ಶಾಲೆಗೆ ಮರಳಿದ್ದು ಆರು ತಿಂಗಳ ಮೇಲೆ. ಭಾರ ಎತ್ತಬಾರದು ಎಂದಿದ್ದರಿಂದ ಪಾತ್ರೆ ಇಳಿಸುವುದು ಜೊತೆಯ ಸಹಾಯಕಿಯ ಪಾಲಿಗೆ ಬಂತು. ತೂಕ ಬಹಳ ಇಳಿದಿತ್ತು, ರವಿಕೆಗಳನ್ನೆಲ್ಲ ಒಳಗೆ ಹಿಡಿಸಿಕೊಂಡಿದ್ದಳು. ಆದರೂ ಹೊಟ್ಟೆ ಹಿಡಿದು ಕೂರುವುದು ನಿಂತಿತ್ತು. ನಾವು ಮಾಸ್ತರರು ಅಕ್ಕೋರುಗಳೆಲ್ಲ ಉಣ್ಣುವಾಗ ತಾನೂ ಒಂದು ತಟ್ಟೆ ಹಿಡಿದು ಸಾಲಿನಲ್ಲಿ ಕೂತ ಮೊದಲ ದಿನ ಮುಖ್ಯ ಮಾಸ್ತರರು ಎದ್ದು ಅವಳಿಗೆ ಸಾರು ಬಡಿಸಿದರು.

ಒಂದು ದಿನ ಹನ್ನೊಂದರ ಹೊತ್ತಿಗೆ ಸಹಾಯಕಿ ಓಡಿಬಂದು ಕರೆದಳು. ಹೋಗಿ ನೋಡಿದರೆ ಅಡುಗೆಯಕ್ಕ ಖಾಲಿ ಪಾತ್ರೆಯಲ್ಲಿ ಸೌಟು ತಿರುವುತ್ತಿದ್ದಾಳೆ. ಕುತ್ತಿಗೆಯಿಂದ ಬೆವರು ಹರಿಯುತ್ತಿದೆ.

“ಅಕ್ಕೋರೆ, ನೀವ್ಯಾಕೆ ಇಬ್ರಾಗಿ ನಿಂತ್ಕಂಡ್ರಿ?” ಎಂದಳು.

ಸಕ್ಕರೆ ಇಳಿದಿದೆ ಎಂದು ಗೊತ್ತಾಯಿತು. ಸಕ್ಕರೆಯ ಡಬ್ಬಿ ತಂದು ಬಾಯಿ ತೆರೆಸಹೋದರೆ ಹಲ್ಲು ಬಿಗಿದು ನನ್ನ ಕೈ ತಳ್ಳಿದಳು. “ನಂಗೆ ಸಕ್ರೆ ಕಾಯ್ಲೆ. ಸಕ್ರೆ ಹಾಕ್ತ್ರಿಯಾ? ಕೊಲ್ಲೂಕೆ ಬಂದ್ರಾ?” ಅಲ್ಲಿಯವರೆಗೆ ನನಗೆ ಒಂದು ಗಟ್ಟಿ ಮಾತು ಆಡದವಳು ಬಾಯಿಗೆ ಬಂದಂತೆ ಬೈದಳು. ನಾನು ಬೆರಳನ್ನು ಒದ್ದೆ ಮಾಡಿ ಸಕ್ಕರೆಯಲ್ಲಿ ಅದ್ದಿ ಅವಳ ಕೆನ್ನೆಯ ಒಳಬದಿಗೆ ಸವರಿದೆ, ಮತ್ತೆ ಸವರಿದೆ. ಕಚ್ಚಿದಳು. ಗುರುತು ಎರಡು ವಾರ ಇತ್ತು. ತುಸು ಎಚ್ಚರವಾದ ಮೇಲೆ ಸಹಾಯಕಿ ಬೆಲ್ಲದ ನೀರು ಕುಡಿಸಿದಳು. ಕಾಲು ಗಂಟೆಯಲ್ಲಿ ಕಣ್ಣು ತಿಳಿಯಾಯಿತು.

“ಬಾಯೆಲ್ಲ ಸಿಹಿ ಅದೆ. ಎಂತ ಆಯ್ತು?” ಎಂದಳು. ಹೇಳಿದೆ. ನನ್ನ ಬೆರಳು ನೋಡಿ ಮುಖ ಮುಚ್ಚಿಕೊಂಡಳು.

ಅವತ್ತು ಅಕ್ಕಿಯ ಚೀಲ ಬಂದಿತ್ತು, ಬೇಡವೆಂದರೂ ಒಂದು ಕಡೆ ಕೈ ಕೊಟ್ಟು ಎಳೆದಿದ್ದಳು. ಮೈ ದಣಿದರೆ ಸಕ್ಕರೆ ಬೇಗ ಇಳಿಯುತ್ತದೆ ಎಂಬುದನ್ನು ಅಂದು ಕಲಿತಳು. ಅಂದಿನಿಂದ ಹೆಚ್ಚು ಕೆಲಸವಿದ್ದ ದಿನ ಮೊದಲೇ ಒಂದು ಬಾಳೆಹಣ್ಣು ತಿನ್ನುತ್ತಿದ್ದಳು, ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಕಟ್ಟಿಕೊಳ್ಳುತ್ತಿದ್ದಳು.

ಇನ್ನೊಂದು ಸಲ ಅವಳಿಗೆ ಚಳಿಜ್ವರ ಬಂತು. ಸೋಂಕಿನಿಂದ ಮೈ ಕಾಯುವ ಗುಲ್ಮ ಇಲ್ಲದವರಿಗೆ ಜ್ವರ ಬಂದರೆ ಒಂದು ದಿನವೂ ಕಾಯಬಾರದು ಎಂದು ಹೇಳಿ ಕಳಿಸಿದ್ದರು, ಅದಕ್ಕೆಂದೇ ಚುಚ್ಚುಮದ್ದುಗಳನ್ನೂ ಕೊಟ್ಟಿದ್ದರು. ಅವಳು ಯಾರಿಗೂ ಕಾಯದೆ ಬಸ್ಸು ಹತ್ತಿ ಕಾರವಾರದ ಆಸ್ಪತ್ರೆಗೆ ಹೋಗಿ ಸರತಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತಳಂತೆ. ಹೊಸದಾಗಿ ಬಂದಿದ್ದ ಡಾಕ್ಟರು ಒಂದು ಗುಳಿಗೆ ಬರೆದು, ನಾಳೆ ನೋಡೋಣ ಎಂದರಂತೆ. ಇವಳು ಪ್ಲಾಸ್ಟಿಕ್ ಚೀಲದಿಂದ ಸರ್ಜನ್ನರ ಪತ್ರ ತೆಗೆದು ಮೇಜಿನ ಮೇಲೆ ಇಟ್ಟು, “ನಂಗೆ ಗುಲ್ಮ ಇಲ್ಲ, ಮೇದೋಜೀರಕ ಇಲ್ಲ. ನಾಳೆ ಹೇಳೂದು ನಂಗೆ ಆಗೂದಿಲ್ಲ. ಇದನ್ನ ಓದಿ,” ಎಂದಳಂತೆ. ಅವರು ಎದ್ದು ನಿಂತು ಓದಿದರಂತೆ. ಆ ದಿನವೇ ಒಳಗೆ ಸೇರಿಸಿಕೊಂಡು ರಕ್ತನಾಳಕ್ಕೆ ಔಷಧ ಶುರು ಮಾಡಿದರು. ಶಾಲೆ ಮುಗಿಸಿ ನಾನು ಅಲ್ಲಿಗೆ ಹೋದಾಗ ಮಂಚದ ಮೇಲೆ ಕೂತು ತನ್ನ ಇನ್ಸುಲಿನ್ ತಾನೇ ಎಳೆದುಕೊಳ್ಳುತ್ತಿದ್ದಳು, ಪಕ್ಕದಲ್ಲಿ ನರ್ಸಿಂಗ್ ಕಲಿಯುವ ಇಬ್ಬರು ಹುಡುಗಿಯರು ನಿಂತು ನೋಡುತ್ತಿದ್ದರು.

ಕಾರವಾರದ ಡಾಕ್ಟರು ಆಮೇಲೆ ಒಬ್ಬನನ್ನು ಅವಳ ಹತ್ತಿರ ಕಳಿಸಿದರು. ಮಾಜಾಳಿಯವನು, ಮೀನಿನ ಲಾರಿ ಓಡಿಸುತ್ತಿದ್ದವನು. ಇದೇ ಕಲ್ಲು, ಇದೇ ಆಪರೇಶನ್ ಹೇಳಿದ್ದರು. ಹೆಂಡತಿಯ ಜೊತೆ ಬಂದು ಶಾಲೆಯ ಜಗಲಿಯ ಮೇಲೆ ಕೂತ. ಮಕ್ಕಳ ಊಟ ಮುಗಿದಿತ್ತು. ನಾನೂ ಅಲ್ಲೇ ಇದ್ದೆ.

“ಬಹಳ ನೋವಾಗ್ತದಾ ಬಾಯಿ?” ಎಂದು ಕೇಳಿದ. ಅವರ ಕಡೆ ಹೆಂಗಸರನ್ನು ಬಾಯಿ ಎಂದೇ ಕರೆಯುವುದು.

“ಆಗ್ತದೆ. ಮೊದ್ಲ ವಾರ ಸತ್ರೆ ಸಾಕು ಅನ್ನಿಸ್ತದೆ. ನಳಿಗೆ ಹಾಕ್ತರು, ತೆಗೀತರು, ಮತ್ತೆ ಹಾಕ್ತರು. ಹೆದ್ರೂದಲ್ಲ. ನಡಿ ಹೇಳಿದ್ರೆ ನಡೀಬೇಕು, ಕೆಮ್ಮು ಹೇಳಿದ್ರೆ ಕೆಮ್ಬೇಕು. ಆರು ತಿಂಗ್ಳು ಮೈಯಾಗೆ ಶಕ್ತಿ ಇರೂದಿಲ್ಲ. ಲಾರಿ ಆಮೇಲೆ ನೋಡುವ, ಡಾಕ್ಟ್ರ ಕೇಳಿ.”

“ಆಮೇಲೆ ಸರಿ ಹೋಗ್ತದಲ್ಲ?”

ಅವಳು ಸಮಾಧಾನಕ್ಕೆ ಏನೋ ಒಂದು ಹೇಳಬಹುದಿತ್ತು. “ಸರಿ ಅಂದ್ರೆ ಮೊದ್ಲಿನ ಹಾಂಗೆ ಅಲ್ಲ. ಆ ನೋವು ನಂಗೆ ಹೋಯ್ತು, ಮತ್ತೆ ಬರ್ಲಿಲ್ಲ. ನಿಮ್ದು ಡಾಕ್ಟ್ರು ಹೇಳ್ಬೇಕು. ಆದ್ರೆ ಕೆಲ್ಸ ಬಂತು. ಚುಚ್ಚೂದು, ನುಂಗೂದು, ಅಳೆಯೂದು. ಒಂದಿನ ರಜೆ ಇಲ್ಲ.” ಆಮೇಲೆ ಅವನನ್ನು ಬಿಟ್ಟು ಅವನ ಹೆಂಡತಿಯ ಕಡೆ ತಿರುಗಿದಳು. “ಸಕ್ರೆ ಇಳ್ದಾಗ ಇವ್ರು ನಿಮ್ಗೆ ಬೈತರು, ಹೊಡೂಕೂ ಬತ್ತರು. ಆಗ ಸಿಟ್ಟು ಮಾಡೂದಲ್ಲ. ಬಾಯಿಗೆ ಸಕ್ರೆ ಹಾಕೂದು. ಬೆರಳು ಮಾತ್ರ ಜೋಪಾನ.”

ನನ್ನ ಕಡೆ ಕಳ್ಳನೋಟ ಬೀರಿ ನಕ್ಕಳು. ಆ ಹೆಂಗಸಿಗೆ ಏನೂ ಅರ್ಥವಾಗದಿದ್ದರೂ ಅವಳೂ ನಕ್ಕಳು. ಬಂದಾಗಿನಿಂದ ಅವಳ ಮುಖ ಸಡಿಲವಾದದ್ದು ಆಗಲೇ.

ಗಂಡಸು ನಗಲಿಲ್ಲ. ಆಗ ಅಡುಗೆಯಕ್ಕ ಒಳಗೆ ಹೋಗಿ ತನ್ನ ಊಟದ ತಟ್ಟೆ ತಂದು ಅವನ ಎದುರಿಗೇ ಕೂತಳು. ಸೀರೆಯ ನೆರಿಗೆ ಸರಿಸಿ ಹೊಟ್ಟೆಗೆ ಚುಚ್ಚಿಕೊಂಡಳು, ಮಾತ್ರೆಯನ್ನು ಮೊದಲ ತುತ್ತಿನ ಜೊತೆ ನುಂಗಿದಳು. ಅವನು ಅವಳು ಉಣ್ಣುವುದನ್ನೇ ನೋಡುತ್ತಿದ್ದ. ಅನ್ನ, ಸೌತೆಯ ಸಾಂಬಾರು, ಮನೆಯಿಂದ ತಂದ ಹುರಿದ ಬಂಗಡೆಯ ಒಂದು ತುಂಡು. ಅವಸರವಿಲ್ಲದೆ, ನಡುವೆ ಇನ್ನೆರಡು ಮಾತ್ರೆ ನುಂಗಿ, ಕಡೆಯ ಅಗುಳಿನವರೆಗೆ ಉಂಡಳು.

“ಬಂಗ್ಡೆ ತಿನ್ನೂಕೆ ಆಗ್ತದಾ?” ಎಂದು ಅವನು ಮೆಲ್ಲಗೆ ಕೇಳಿದ.

“ಆಗ್ತದಲ. ಒಂದ್ ಮಾತ್ರೆ ಹೆಚ್ಗೆ,” ಎಂದಳು. ಹೆಂಡತಿ ಸಿರಿಂಜನ್ನು ಕೈಗೆ ತೆಗೆದುಕೊಂಡು ಅದರ ಗೆರೆಗಳನ್ನು ಎಣಿಸತೊಡಗಿದಳು, ಇವಳು ಪಕ್ಕಕ್ಕೆ ಸರಿದು ಯಾವ ಗೆರೆಗೆ ಎಷ್ಟು ಎಂದು ಹೇಳಿಕೊಡಲು ಕೂತಳು.